ಪೆಟ್ಟು ಕೊಡದ ಮೂವ್‌ಗೆ ಒಂದು ಟರ್ನ್ ಕೊಡುವುದು ಯಾವಾಗ ಲಾಭ? ಪೋಕೆಮಾನ್ ಸ್ಟೇಟಸ್ ಮೂವ್‌ಗಳ ಚರ್ಚೆ

ಸರದಿಲೆಕ್ಕ:
ಸ್ಟೇಟಸ್ ಮೂವ್‌ಗಳ ಬಗ್ಗೆ ಪ್ರಶ್ನೆಗಳು ಅಲ್ಲೊಂದು ಇಲ್ಲೊಂದು ಬರುತ್ತಲೇ ಇವೆ. ಎಲ್ಲ ಒಂದೇ ಕಡೆ ಸಿಗಲಿ ಅಂತ ಈ ಚರ್ಚೆ. 2006ರ ಡೈಮಂಡ್-ಪರ್ಲ್‌ನಿಂದ ಈಚೆಗೆ ಪ್ರತಿ ಮೂವ್‌ಗೂ ಫಿಸಿಕಲ್, ಸ್ಪೆಷಲ್, ಸ್ಟೇಟಸ್ ಎಂಬ ಮೂರರಲ್ಲಿ ಒಂದು ಗುರುತು ಇದೆ. ಇಲ್ಲಿ ಮಾತು ಮೂರನೆಯದರ ಬಗ್ಗೆ. ಬೇರೆ ಹೇಳದಿದ್ದರೆ ಸಂಖ್ಯೆಗಳು ಈಗಿನ ಜೆನ್ 9ರವು (ಜೆನ್ ಅಂದರೆ ಆಟದ ತಲೆಮಾರು).

ಮೊದಲು ಸ್ವಾರ್ಡ್ಸ್ ಡ್ಯಾನ್ಸ್. ಅಟ್ಯಾಕ್ ಎರಡು ಹಂತ ಏರುತ್ತದೆ, ಅಂದರೆ 2 ಪಟ್ಟು. "ಒಂದು ಟರ್ನ್ ವ್ಯರ್ಥ" ಅನ್ನುವವರು ಒಮ್ಮೆ ಲೆಕ್ಕ ಹಾಕಿ ನೋಡಿ. ನಿಮ್ಮ ಪೆಟ್ಟು ಎದುರಾಳಿಯ ಎಚ್‌ಪಿಯಲ್ಲಿ (ಜೀವಬಲದಲ್ಲಿ) 55% ಇಳಿಸುತ್ತದೆ ಅಂದುಕೊಳ್ಳಿ. ನೇರವಾಗಿ ಹೊಡೆದರೆ ಎರಡು ಟರ್ನ್. ಡ್ಯಾನ್ಸ್ ಮಾಡಿ ಹೊಡೆದರೂ ಎರಡೇ ಟರ್ನ್. 40% ಇಳಿಸುವ ಪೆಟ್ಟಾದರೆ ನೇರವಾಗಿ ಮೂರು, ಡ್ಯಾನ್ಸ್ ಮಾಡಿದರೂ ಮೂರು. 30% ಆದರೆ ನೇರವಾಗಿ ನಾಲ್ಕು, ಡ್ಯಾನ್ಸ್ ಮಾಡಿದರೆ ಮೂರು. ಟರ್ನ್ ಎಣಿಕೆಯಲ್ಲಿ ಸ್ವಾರ್ಡ್ಸ್ ಡ್ಯಾನ್ಸ್ ನಷ್ಟವಾಗುವುದು ಒಂದೇ ಸಂದರ್ಭದಲ್ಲಿ: ಡ್ಯಾನ್ಸ್ ಇಲ್ಲದೆಯೇ ಒಂದೇ ಏಟಿಗೆ ಎದುರಾಳಿ ಬೀಳುವಂತಿದ್ದರೆ. ಮಿಕ್ಕಂತೆ ಮೊದಲ ಎದುರಾಳಿಯ ಹತ್ತಿರ ಸಮ ಇಲ್ಲವೇ ಲಾಭ, ಎರಡನೆಯವನಿಂದ ಲಾಭ.

ಒಂದೇ ಹಂತ ಏರಿಸುವ ಡ್ರ್ಯಾಗನ್ ಡ್ಯಾನ್ಸ್, ಬಲ್ಕ್ ಅಪ್, ಕಾಮ್ ಮೈಂಡ್‌ಗಳಿಗೆ ಈ ಲೆಕ್ಕ ಬೇರೆ. ಅಲ್ಲಿ 1.5 ಪಟ್ಟು ಮಾತ್ರ. ಪೆಟ್ಟು 50%ರಿಂದ 66%ರ ನಡುವೆ ಇದ್ದರೆ ನೇರವಾಗಿ ಎರಡು ಟರ್ನ್, ಏರಿಸಿಕೊಂಡು ಹೊಡೆದರೆ ಮೂರು. ಆ ಪಟ್ಟಿಯೊಳಗೆ ಇದ್ದಾಗ ಸುಮ್ಮನೆ ಹೊಡೆಯುವುದೇ ಮೇಲು. ಇನ್ನೊಂದು ವಿಷಯ: ಪ್ರತಿ ಪೆಟ್ಟೂ 85%ರಿಂದ 100%ರ ನಡುವೆ ಏರುಪೇರಾಗುತ್ತದೆ. ಆದ್ದರಿಂದ ಲೆಕ್ಕಕ್ಕೆ ಯಾವಾಗಲೂ ಕನಿಷ್ಠ ಪೆಟ್ಟನ್ನೇ ಹಿಡಿಯಿರಿ.

ಪುಟ್ಟಬೆಂಕಿ:
ಕಥೆಯ ಆಟ ಮಾತ್ರ ಆಡುವವರಿಗೆ ಇದೆಲ್ಲ ಬೇಕಾ? ನಾಲ್ಕೂ ಜಾಗದಲ್ಲಿ ಹೊಡೆಯುವ ಮೂವ್ ಇಟ್ಟು ಲೆವೆಲ್ ಏರಿಸಿದರೆ ಆಯ್ತಲ್ಲ?

ಹಸಿರುಪೊದೆ:
ಲೆವೆಲ್ ಏರಿಸಿದರೆ ಗೆಲ್ಲಬಹುದು, ಸರಿ. ಆದರೆ ಲೆವೆಲ್ ಸಮವಿದ್ದಾಗ ಸಿಕ್ಕಿಕೊಳ್ಳುವ ಜಾಗಗಳಲ್ಲಿ ಬಿಡಿಸುವುದು ಸ್ಟೇಟಸ್ ಮೂವೇ. ಗೋಲ್ಡ್-ಸಿಲ್ವರ್‌ನ ಜಿಮ್ ಲೀಡರ್ ವಿಟ್ನಿಯ ಮಿಲ್ಟ್ಯಾಂಕ್ ತೆಗೆದುಕೊಳ್ಳಿ. ಅದರ ಕೈಲಿರುವುದು ರೋಲೌಟ್, ಅಟ್ರ್ಯಾಕ್ಟ್, ಸ್ಟಾಂಪ್, ಮಿಲ್ಕ್ ಡ್ರಿಂಕ್. ರೋಲೌಟ್‌ನ ಬಲ 30ರಿಂದ ಶುರುವಾಗಿ 60, 120, 240, 480 ಅಂತ ಐದು ಟರ್ನ್ ದುಪ್ಪಟ್ಟಾಗುತ್ತಾ ಹೋಗುತ್ತದೆ. ಒಮ್ಮೆ ಗುರಿ ತಪ್ಪಿದರೆ ಮತ್ತೆ 30. ಆಟದ ಗುಟ್ಟು ಇಲ್ಲೇ ಇದೆ: ಅದನ್ನು ಬೇಗ ಕೊಲ್ಲುವುದಕ್ಕಿಂತ ಆ ಸರಪಳಿಯನ್ನು ಮುರಿಯುವುದು ಸುಲಭ.

ರೋಲೌಟ್‌ನ ಅಕ್ಯುರಸಿ (ಗುರಿ ತಾಗುವ ಸಾಧ್ಯತೆ) 90%. ಒಂದು ಸ್ಯಾಂಡ್ ಅಟ್ಯಾಕ್ ಬಿದ್ದರೆ ಅದು 67.5ಕ್ಕೆ ಇಳಿಯುತ್ತದೆ, ಎರಡು ಬಿದ್ದರೆ 54ಕ್ಕೆ. 54%ರಲ್ಲಿ ಸತತ ಮೂರು ಸಲ ತಾಗುವ ಸಾಧ್ಯತೆ ಸುಮಾರು 16%. ಪ್ಯಾರಾಲಿಸಿಸ್‌ನಿಂದ ಒಂದು ಟರ್ನ್ ನಿಂತಲ್ಲೇ ನಿಂತರೂ ಸರಪಳಿ ಮುರಿಯುತ್ತದೆ. ಆದರೆ ರೀಮೇಕ್‌ಗಳಾದ ಹಾರ್ಟ್‌ಗೋಲ್ಡ್-ಸೋಲ್‌ಸಿಲ್ವರ್‌ನಲ್ಲಿ ಮಿಲ್ಟ್ಯಾಂಕ್ ಹತ್ತಿರ ಇಂಥದ್ದನ್ನು ಒಮ್ಮೆ ವಾಸಿಮಾಡುವ ಲಮ್ ಬೆರ್ರಿ ಇರುತ್ತದೆ. ಮೊದಲ ಪ್ಯಾರಾಲಿಸಿಸ್ ಅದಕ್ಕೆ ಆಹುತಿ, ಎರಡನೆಯದು ನಿಲ್ಲುತ್ತದೆ. ಅಟ್ರ್ಯಾಕ್ಟ್ ಗಂಡು-ಹೆಣ್ಣಿನ ನಡುವೆ ಮಾತ್ರ ಕೆಲಸ ಮಾಡುವುದರಿಂದ ಹೆಣ್ಣು ಪೋಕೆಮಾನನ್ನು ಮುಂದೆ ಬಿಟ್ಟರೆ ಮಿಲ್ಟ್ಯಾಂಕ್‌ನ ಆ ಮೂವ್ ದಂಡ. ಜೊತೆಗೆ ಎದುರಾಳಿಯ ಅಟ್ಯಾಕ್ ಒಂದು ಹಂತ ಇಳಿಸುವ ಗ್ರೌಲ್. ಮಿಲ್ಕ್ ಡ್ರಿಂಕ್ ಎಚ್‌ಪಿ ತುಂಬುತ್ತದೆಯೇ ಹೊರತು ಇಳಿದ ಅಟ್ಯಾಕನ್ನು ಮೇಲೆತ್ತುವುದಿಲ್ಲ. ಎರಡು ಗ್ರೌಲ್‌ಗೆ ಅಟ್ಯಾಕ್ ಅರ್ಧ.

ಪುಟ್ಟಬೆಂಕಿ:
ಗ್ರೌಲ್‌ಗೆ ಇಷ್ಟು ಬೆಲೆ ಇದೆ ಅಂತ ಗೊತ್ತಿರಲಿಲ್ಲ. ಹಾಗಾದರೆ ಟಾಕ್ಸಿಕ್ ಮತ್ತು ಸಾದಾ ಪಾಯಿಸನ್‌ನಲ್ಲಿ ಟಾಕ್ಸಿಕ್ ಯಾವಾಗಲೂ ಮೇಲು ತಾನೆ?

ವಿಷದಹನಿ:
ಯಾವಾಗಲೂ ಅಲ್ಲ. ಸಾದಾ ವಿಷ ಪ್ರತಿ ಟರ್ನ್ 1/8 ಅಂದರೆ 2/16 ತಿನ್ನುತ್ತದೆ. ಟಾಕ್ಸಿಕ್‌ನ ವಿಷ 1/16, 2/16, 3/16 ಅಂತ ಏರುತ್ತದೆ. ಒಟ್ಟು ಕೂಡಿಸಿ ನೋಡಿ:

1 ಟರ್ನ್: ಟಾಕ್ಸಿಕ್ 1/16, ಸಾದಾ 2/16
2 ಟರ್ನ್: 3/16, 4/16
3 ಟರ್ನ್: 6/16, 6/16
4 ಟರ್ನ್: 10/16, 8/16
5 ಟರ್ನ್: 15/16, 10/16

ಮೂರನೇ ಟರ್ನ್‌ಗೆ ಎರಡೂ ಸಮ. ಎದುರಾಳಿ ಒಳಗೆ ಹೋಗಿ ಮತ್ತೆ ಬಂದರೆ ಟಾಕ್ಸಿಕ್‌ನ ಎಣಿಕೆ 1/16ರಿಂದ ಶುರು. ಹಾಗಾಗಿ ಪದೇ ಪದೇ ಸ್ವಿಚ್ ಮಾಡುವ ಎದುರಾಳಿಗೆ ಸಾದಾ ವಿಷವೇ ಹೆಚ್ಚು ನೋವು ಕೊಡುತ್ತದೆ, ಕೂತು ರಿಕವರ್ ಮಾಡುವ ದಪ್ಪ ಗೋಡೆಯಂಥ ಎದುರಾಳಿಗೆ ಟಾಕ್ಸಿಕ್. ರಿಕವರ್ ಅರ್ಧ ಎಚ್‌ಪಿ ತುಂಬಿದರೆ ಟಾಕ್ಸಿಕ್ ಎಂಟನೇ ಟರ್ನ್‌ನಲ್ಲಿ ಒಂದೇ ಸಲಕ್ಕೆ ಅಷ್ಟನ್ನೂ ತಿನ್ನುತ್ತದೆ. ಎದುರಾಳಿ ಲೆಫ್ಟೋವರ್ಸ್ (ಪ್ರತಿ ಟರ್ನ್ 1/16 ಎಚ್‌ಪಿ ತುಂಬುವ ವಸ್ತು) ಹಿಡಿದಿದ್ದರೆ ಪ್ರತಿ ಟರ್ನ್‌ಗೆ 1/16 ಕಳೆದುಕೊಂಡು ಲೆಕ್ಕ ಹಾಕಿ.

ಟಾಕ್ಸಿಕ್‌ನ ಅಕ್ಯುರಸಿ 90. ಜೆನ್ 6ರಿಂದ ಪಾಯಿಸನ್ ಟೈಪ್ ಪೋಕೆಮಾನ್ ಪ್ರಯೋಗಿಸಿದರೆ ತಪ್ಪುವುದೇ ಇಲ್ಲ. ಪಾಯಿಸನ್ ಮತ್ತು ಸ್ಟೀಲ್ ಟೈಪ್‌ಗಳಿಗೆ ತಾಗದು, ಅದಕ್ಕೆ ಅಪವಾದ ಸಲಾಝಲ್‌ನ ಕರೋಷನ್ ಎಬಿಲಿಟಿ (ಎಬಿಲಿಟಿ ಅಂದರೆ ಪೋಕೆಮಾನ್‌ನ ಹುಟ್ಟುಗುಣ). ಇನ್ನೂ ಒಂದು ಮಾತು: ಒಂದು ಪೋಕೆಮಾನ್‌ಗೆ ಒಂದೇ ಮುಖ್ಯ ಸ್ಟೇಟಸ್ (ವಿಷ, ಬರ್ನ್, ಪ್ಯಾರಾಲಿಸಿಸ್, ನಿದ್ದೆಯಂಥ ಬಾಧೆ) ಹಿಡಿಯುತ್ತದೆ. ಎದುರಾಳಿಯ ದೊಡ್ಡ ಹೊಡೆತಗಾರನಿಗೆ ಬರ್ನ್ ಹಾಕಬೇಕೆಂದಿದ್ದರೆ ಅವನು ಟಾಕ್ಸಿಕ್ ಸ್ಪೈಕ್ಸ್ (ನೆಲದ ಮೇಲೆ ಹರಡುವ ವಿಷಮುಳ್ಳು) ತುಳಿಯದಂತೆ ನೋಡಿಕೊಳ್ಳಿ. ವಿಷ ಹತ್ತಿದ ಮೇಲೆ ಬರ್ನ್ ಹಾಕುವ ವಿಲ್-ಓ-ವಿಸ್ಪ್ ಕೆಲಸ ಮಾಡುವುದಿಲ್ಲ. ಒಂದೇ ತಂಡದಲ್ಲಿ ಇವೆರಡನ್ನೂ ಇಟ್ಟುಕೊಂಡವರು ತಮ್ಮ ದಾರಿಗೆ ತಾವೇ ಅಡ್ಡ ಬರುತ್ತಾರೆ.

ಬೂದಿಗಣ್ಣು:
ವಿಲ್-ಓ-ವಿಸ್ಪ್ ಬಗ್ಗೆ ಬಿಡಿಸಿ ಹೇಳುತ್ತೇನೆ. ಬರ್ನ್ ತಿನ್ನುವ ಎಚ್‌ಪಿ ಜೆನ್ 7ರಿಂದ 1/16 ಮಾತ್ರ, ಜೆನ್ 2ರಿಂದ 6ರವರೆಗೆ 1/8 ಇತ್ತು. ಆದರೂ ಅದರ ಬೆಲೆ ಕುಗ್ಗಿಲ್ಲ, ಯಾಕೆಂದರೆ ಫಿಸಿಕಲ್ ಪೆಟ್ಟಿನ ಬಲ ಅರ್ಧವಾಗುತ್ತದೆ. ಸ್ವಾರ್ಡ್ಸ್ ಡ್ಯಾನ್ಸ್ ಮಾಡಿ ನಿಂತವನಿಗೆ ಬರ್ನ್ ಹತ್ತಿದರೆ ಅವನು ಮತ್ತೆ ಮೊದಲಿದ್ದ ಬಲಕ್ಕೇ ಬಂದ. ಒಂದು ಟರ್ನ್‌ಗೆ ಒಂದು ಟರ್ನ್ ಸರಿಹೋಯ್ತು, ಮೇಲೆ ಪ್ರತಿ ಟರ್ನ್ 1/16 ಬಡ್ಡಿ. ಬಾಡಿ ಪ್ರೆಸ್ ಡಿಫೆನ್ಸ್ ಸಂಖ್ಯೆಯಿಂದ ಹೊಡೆದರೂ ಅದು ಫಿಸಿಕಲ್ ಮೂವೇ ಆದ್ದರಿಂದ ಅದೂ ಅರ್ಧವಾಗುತ್ತದೆ.

ಕೆಡುವುದು ಎಲ್ಲಿ? ಅಕ್ಯುರಸಿ 85. ಅಂದರೆ ಏಳರಲ್ಲಿ ಒಂದು ಸಲ ತಪ್ಪುತ್ತದೆ. ತಪ್ಪಿದರೂ ಮುಂದಿನ ಪೆಟ್ಟು ತಡೆದುಕೊಳ್ಳುವಷ್ಟು ಎಚ್‌ಪಿ ಇರುವಾಗ ಮಾತ್ರ ಪ್ರಯೋಗಿಸಿ. ಕೊನೆಯ ಗಳಿಗೆಯಲ್ಲಿ, ಸಾಯುವ ಮುಂಚೆ ಒಂದು ಬರ್ನ್ ಅಂತ ಹೊರಟರೆ ಆ ಏಳನೇ ಸಲ ಬಂದೇ ಬರುತ್ತದೆ. ಫೈರ್ ಟೈಪ್‌ಗೆ ಬರ್ನ್ ಹತ್ತದು. ಗಟ್ಸ್ ಎಬಿಲಿಟಿ ಇರುವ ಕಾಂಕೆಲ್ಡರ್, ಹೆರಾಕ್ರಾಸ್‌ಗಳಿಗೆ ಹಾಕಿದಿರೋ, ಅವುಗಳ ಅಟ್ಯಾಕ್ 1.5 ಪಟ್ಟು ಏರುತ್ತದೆ, ಅರ್ಧವಾಗುವ ಶಿಕ್ಷೆಯೂ ಇಲ್ಲ. ಮ್ಯಾಜಿಕ್ ಗಾರ್ಡ್ ಎಬಿಲಿಟಿ ಇದ್ದವರಿಗೆ ಎಚ್‌ಪಿ ಇಳಿಯದು, ಆದರೆ ಪೆಟ್ಟು ಅರ್ಧವಾಗುವುದು ಅವರಿಗೂ ತಪ್ಪದು.

ಥಂಡರ್ ವೇವ್ ಹಾಕುವುದು ಪ್ಯಾರಾಲಿಸಿಸ್: ಸ್ಪೀಡ್ ಅರ್ಧ, ಮೇಲೆ ಪ್ರತಿ ಟರ್ನ್ 25% ನಿಂತಲ್ಲೇ ನಿಲ್ಲುವ ಸಾಧ್ಯತೆ. ಜೆನ್ 6ರವರೆಗೆ ಸ್ಪೀಡ್ ಕಾಲು ಭಾಗಕ್ಕೆ ಇಳಿಯುತ್ತಿತ್ತು, ಅಕ್ಯುರಸಿ 100 ಇತ್ತು. ಈಗ 90. ಗ್ರೌಂಡ್ ಟೈಪ್‌ಗೆ ತಾಗದು, ಜೆನ್ 6ರಿಂದ ಎಲೆಕ್ಟ್ರಿಕ್ ಟೈಪ್‌ಗೆ ಪ್ಯಾರಾಲಿಸಿಸ್ಸೇ ಇಲ್ಲ. ಗ್ರೌಂಡ್ ಟೈಪನ್ನೂ ಹಿಡಿಯಬೇಕೆಂದರೆ ಗ್ಲೇರ್, ಅದರ ಅಕ್ಯುರಸಿ 100. 25% ಅದೃಷ್ಟವನ್ನು ನಂಬಿ ಯೋಜನೆ ಹಾಕಬೇಡಿ. ಸ್ಪೀಡ್ ಅರ್ಧವಾಗುವುದು ಖಚಿತ, ಅದನ್ನು ನಂಬಿ. ನಿಮ್ಮ ತಂಡದಲ್ಲಿ ಯಾರು ಈಗ ಅವನಿಗಿಂತ ಮೊದಲು ಹೊಡೆಯಬಲ್ಲರು ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಅದು ಲಾಭ. ನಿಧಾನದವರೇ ಮೊದಲು ಹೊಡೆಯುವಂತೆ ಮಾಡುವ ಟ್ರಿಕ್ ರೂಮ್ ತಂಡದ ಮೇಲೆ ಥಂಡರ್ ವೇವ್ ಹಾಕುವುದು ಅವರಿಗೆ ಮಾಡುವ ಉಪಕಾರ.

ಸರದಿಲೆಕ್ಕ:
ನಿದ್ದೆಯನ್ನೂ ಸೇರಿಸುತ್ತೇನೆ. ಈಗ ನಿದ್ದೆ 1ರಿಂದ 3 ಟರ್ನ್. ಸ್ಪೋರ್‌ನ ಅಕ್ಯುರಸಿ 100, ಸ್ಲೀಪ್ ಪೌಡರ್ 75, ಹಿಪ್ನಾಸಿಸ್ 60. ಹಿಪ್ನಾಸಿಸ್ ಐದರಲ್ಲಿ ಎರಡು ಸಲ ತಪ್ಪುತ್ತದೆ, ತಾಗಿದರೂ ಒಂದೇ ಟರ್ನ್‌ನಲ್ಲಿ ಏಳಬಹುದು. ಅದಕ್ಕೆ ಒಂದು ಜಾಗ ಕೊಡುವುದು ದುಬಾರಿ ಅಂತ ನನ್ನ ಅಭಿಪ್ರಾಯ. ಪೌಡರ್ ಜಾತಿಯ ಮೂವ್‌ಗಳು ಜೆನ್ 6ರಿಂದ ಗ್ರಾಸ್ ಟೈಪ್‌ಗೆ, ಓವರ್‌ಕೋಟ್ ಎಬಿಲಿಟಿಗೆ, ಸೇಫ್ಟಿ ಗಾಗಲ್ಸ್ ಹಿಡಿದವರಿಗೆ ತಾಗವು. ಸ್ಪೋರ್ ಕೂಡ ಅದೇ ಜಾತಿ.

ಯಾನ್ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದು ಅನ್ಯಾಯ. ಅಕ್ಯುರಸಿ ಪರೀಕ್ಷೆಯೇ ಇಲ್ಲ. ಎದುರಾಳಿ ಮುಂದಿನ ಟರ್ನ್ ಕೊನೆಯವರೆಗೂ ನಿಂತರೆ ನಿದ್ದೆ, ಸ್ವಿಚ್ ಮಾಡಿದರೆ ತಪ್ಪಿಸಿಕೊಂಡ. ಅಂದರೆ ಅದು ನಿದ್ದೆ ಮಾಡಿಸುವ ಮೂವ್ ಅನ್ನುವುದಕ್ಕಿಂತ ಬಲವಂತವಾಗಿ ಸ್ವಿಚ್ ಮಾಡಿಸುವ ಮೂವ್. ನೆಲದ ಮೇಲೆ ಸ್ಟೆಲ್ತ್ ರಾಕ್ ಇದ್ದಾಗ ಅದರ ಬೆಲೆ ನೋಡಿ.

ಕಲ್ಲುಮುಳ್ಳು:
ಸ್ಟೆಲ್ತ್ ರಾಕ್ ಎಂದಾಕ್ಷಣ ನಾನು ಬರಲೇಬೇಕು. ಒಳಗೆ ಬರುವವನ ಎಚ್‌ಪಿಯ 1/8, ಅದಕ್ಕೆ ರಾಕ್ ಟೈಪ್‌ನ ಪರಿಣಾಮದ ಗುಣಕ. ಸಾಮಾನ್ಯ 12.5%, ಎರಡು ಪಟ್ಟು ದುರ್ಬಲರಿಗೆ 25%, ನಾಲ್ಕು ಪಟ್ಟು ದುರ್ಬಲರಾದ ಚಾರಿಝಾರ್ಡ್, ವಾಲ್ಕರೋನಾಗಳಿಗೆ 50%. ಒಂದು ಟರ್ನ್ ಕೊಟ್ಟು ಇಡೀ ಆಟದುದ್ದಕ್ಕೂ ಪ್ರತಿ ಸ್ವಿಚ್‌ಗೂ ತೆರಿಗೆ. ಮೇಲಿನ ಸ್ವಾರ್ಡ್ಸ್ ಡ್ಯಾನ್ಸ್ ಲೆಕ್ಕಕ್ಕೆ ಇದನ್ನು ಜೋಡಿಸಿ: 45% ಪೆಟ್ಟು ಡ್ಯಾನ್ಸ್ ಆದ ಮೇಲೆ 90%, ಎದುರಾಳಿ 10%ರಲ್ಲಿ ಉಳಿಯುತ್ತಾನೆ. ಬರುವಾಗಲೇ 12.5% ಕಳೆದುಕೊಂಡಿದ್ದರೆ ಉಳಿಯುವುದಿಲ್ಲ. ಹೊಡೆಯುವವನಿಗೆ ಬೇಕಾದ ಕೊನೆಯ ಹನ್ನೆರಡೂವರೆ ಶೇಕಡವನ್ನು ಒದಗಿಸುವುದೇ ಇದರ ಕೆಲಸ.

ಸ್ಪೈಕ್ಸ್ ಒಂದು ಪದರ 1/8, ಎರಡು 1/6, ಮೂರು 1/4. ಹಾರುವವರಿಗೂ ಲೆವಿಟೇಟ್ ಇದ್ದವರಿಗೂ ತಾಗದು. ಎರಡನೇ ಪದರಕ್ಕೆ ಸಿಗುವುದು ನಾಲ್ಕು ಶೇಕಡ ಚಿಲ್ಲರೆ ಮಾತ್ರ, ಮೂರನೆಯದಕ್ಕೆ ಎಂಟು ಚಿಲ್ಲರೆ. ಆದ್ದರಿಂದ ಒಂದಕ್ಕೆ ನಿಲ್ಲಿಸಿ, ಇಲ್ಲವೇ ಮೂರೂ ಹಾಕಿ. ಟಾಕ್ಸಿಕ್ ಸ್ಪೈಕ್ಸ್ ಒಂದು ಪದರಕ್ಕೆ ಸಾದಾ ವಿಷ, ಎರಡಕ್ಕೆ ಏರುವ ವಿಷ. ನೆಲದ ಮೇಲೆ ನಿಲ್ಲುವ ಪಾಯಿಸನ್ ಟೈಪ್ ಒಂದು ಬಂದರೆ ಸಾಕು, ಅವೆಲ್ಲ ಅದರ ಕಾಲಡಿ ಮಾಯ. ಸ್ಟಿಕಿ ವೆಬ್ ಸ್ಪೀಡ್ ಒಂದು ಹಂತ ಇಳಿಸುತ್ತದೆ, ಆದರೆ ಎದುರಾಳಿಯಲ್ಲಿ ಡಿಫಯಂಟ್ (ಬೇರೆಯವರು ಹಂತ ಇಳಿಸಿದರೆ ಅಟ್ಯಾಕ್ ಏರುವ ಎಬಿಲಿಟಿ) ಇರುವ ಕಿಂಗಾಂಬಿಟ್ ಇದ್ದರೆ ಅದರ ಮೇಲೆ ಕಾಲಿಟ್ಟ ಕೂಡಲೇ ಅಟ್ಯಾಕ್ ಎರಡು ಹಂತ ಏರುತ್ತದೆ.

ಇವುಗಳಿಗೆ ಜೊತೆ ರೋರ್, ವರ್ಲ್‌ವಿಂಡ್. ಪ್ರಯಾರಿಟಿ -6, ಅಂದರೆ ಆ ಟರ್ನ್‌ನ ಪೆಟ್ಟು ತಿಂದ ಮೇಲೆ ಎದುರಾಳಿಯನ್ನು ಒಳಗೆ ಓಡಿಸಿ ಬೇರೊಬ್ಬನನ್ನು ಎಳೆದು ಹಾಕುತ್ತದೆ. ಎಳೆದು ತಂದ ಪ್ರತಿಯೊಬ್ಬನೂ ಕಲ್ಲು ಮುಳ್ಳು ತುಳಿಯಬೇಕು, ಏರಿಸಿಕೊಂಡಿದ್ದ ಹಂತಗಳೂ ಹೋದವು. ಸ್ಕಾರ್ಮರಿ ಸ್ಪೈಕ್ಸ್, ಎಚ್‌ಪಿ ತುಂಬುವ ರೂಸ್ಟ್, ವರ್ಲ್‌ವಿಂಡ್ ಇಟ್ಟುಕೊಂಡು ಇಷ್ಟು ವರ್ಷ ಬದುಕಿರುವುದು ಈ ಕೂಟದಿಂದಲೇ.

ಪುಟ್ಟಬೆಂಕಿ:
ಎದುರಾಳಿ ಡಿಫಾಗ್ (ನೆಲದ ಕಲ್ಲು ಮುಳ್ಳು ಗುಡಿಸುವ ಮೂವ್) ಮಾಡಿದರೆ ಎಲ್ಲ ಹೋಗುತ್ತದಲ್ಲ?

ಕಲ್ಲುಮುಳ್ಳು:
ಹೋಗುತ್ತದೆ, ಆದರೆ ಜೆನ್ 6ರಿಂದ ಎರಡೂ ಕಡೆಯದು ಹೋಗುತ್ತದೆ. ಅವನು ಹಾಕಿದ್ದೂ ಹೋಯ್ತು. ಅವನೂ ಒಂದು ಟರ್ನ್ ಖರ್ಚು ಮಾಡಿದ, ಆ ಟರ್ನ್‌ನಲ್ಲಿ ನೀವು ಏನು ಮಾಡಿದಿರಿ ಅನ್ನುವುದು ಮುಖ್ಯ. ಡಿಫಾಗ್ ಮಾಡುವವ ಬಂದ ಟರ್ನ್‌ನಲ್ಲೇ ಸ್ವಾರ್ಡ್ಸ್ ಡ್ಯಾನ್ಸ್ ಹಾಕಿ. ಡಿಫಾಗ್ ಎದುರಾಳಿಯ ಇವೇಷನ್ (ಪೆಟ್ಟು ತಪ್ಪಿಸಿಕೊಳ್ಳುವ ಶಕ್ತಿ) ಒಂದು ಹಂತ ಇಳಿಸುವುದರಿಂದ ಡಿಫಯಂಟ್ ಇದ್ದವರ ಮುಂದೆ ಅದನ್ನು ಮಾಡಿದರೆ ಅವರಿಗೆ ಅಟ್ಯಾಕ್ ಏರುತ್ತದೆ. ಜೆನ್ 9ರಲ್ಲಿ ಗೋಲ್ಡೆಂಗೋ ಎದುರಿಗಿದ್ದರೆ ಡಿಫಾಗ್ ಕೆಲಸವನ್ನೇ ಮಾಡದು: ಅದರ ಗುಡ್ ಆ್ಯಸ್ ಗೋಲ್ಡ್ ಎಬಿಲಿಟಿ ಬೇರೆಯವರ ಸ್ಟೇಟಸ್ ಮೂವ್‌ಗಳನ್ನು ತಡೆಯುತ್ತದೆ. ಘೋಸ್ಟ್ ಟೈಪ್ ಆದ್ದರಿಂದ ಕಲ್ಲು ಮುಳ್ಳು ತೆಗೆಯುವ ರ‍್ಯಾಪಿಡ್ ಸ್ಪಿನ್ ಕೂಡ ತಾಗದು. ಗೋಡೆ ಕಟ್ಟಿ ನಿಲ್ಲಿಸಿದಂತೆ. ನಿಮ್ಮ ಕಡೆಗೆ ಕಲ್ಲು ಬಿದ್ದರೆ, ಅದು ತಾಗದಂತೆ ಕಾಯುವ ಹೆವಿ-ಡ್ಯೂಟಿ ಬೂಟ್ಸ್ ಇದೆ, 2019ರ ಸ್ವೋರ್ಡ್-ಶೀಲ್ಡ್‌ನಿಂದ. ಹಿಡಿದ ವಸ್ತುವನ್ನು ಉದುರಿಸುವ ನಾಕ್ ಆಫ್ ಬಿದ್ದ ಗಳಿಗೆಯಲ್ಲಿ ಅದೂ ಹೋಗುತ್ತದೆ ಎಂಬುದು ನೆನಪಿರಲಿ.

ಜೋಡಿಕಾಳಗ:
ಇಲ್ಲಿಯವರೆಗಿನದೆಲ್ಲ ಸಿಂಗಲ್ಸ್ (ಒಂದಕ್ಕೊಂದು) ಮಾತು. ಅಧಿಕೃತ ಸ್ಪರ್ಧೆಗಳು ಡಬಲ್ಸ್ (ಒಮ್ಮೆಗೆ ಎರಡಕ್ಕೆ ಎರಡು): ಆರು ತಂದು ನಾಲ್ಕು ಆರಿಸುವುದು, ಎಲ್ಲ ಲೆವೆಲ್ 50. ಸ್ವಿಚ್ ಕಡಿಮೆ, ಆಟ ಚಿಕ್ಕದು, ಹಾಗಾಗಿ ಸ್ಟೆಲ್ತ್ ರಾಕ್‌ಗೆ ಅಲ್ಲಿ ಬೆಲೆ ಕಡಿಮೆ. ಅಲ್ಲಿ ಬೆಲೆ ಇರುವುದು ಸ್ಪೀಡ್ ಬದಲಿಸುವ ಮೂವ್‌ಗಳಿಗೆ ಮತ್ತು ಪ್ರೊಟೆಕ್ಟ್‌ಗೆ.

ಟೇಲ್‌ವಿಂಡ್ ಸ್ಪೀಡನ್ನು ದುಪ್ಪಟ್ಟು ಮಾಡುತ್ತದೆ, 4 ಟರ್ನ್. ಹಾಕಿದ ಟರ್ನ್ ಕೂಡ ಎಣಿಕೆಯಲ್ಲಿ ಸೇರುತ್ತದೆ. ಜೆನ್ 8ರಿಂದ ಸ್ಪೀಡ್ ಟರ್ನ್ ಮಧ್ಯದಲ್ಲೇ ಮರುಲೆಕ್ಕವಾಗುವುದರಿಂದ, ಪ್ರ್ಯಾಂಕ್‌ಸ್ಟರ್ (ಸ್ಟೇಟಸ್ ಮೂವ್‌ಗಳನ್ನು ಮುಂಚೆ ಬೀಳಿಸುವ ಎಬಿಲಿಟಿ) ಇರುವ ವಿಮ್ಸಿಕಾಟ್ ಮೊದಲು ಟೇಲ್‌ವಿಂಡ್ ಹಾಕಿದರೆ ಪಕ್ಕದವನು ಅದೇ ಟರ್ನ್‌ನಲ್ಲಿ ದುಪ್ಪಟ್ಟು ವೇಗದಿಂದ ಹೊಡೆಯುತ್ತಾನೆ. ಹಳೆಯ ಆಟಗಳಲ್ಲಿ ಮುಂದಿನ ಟರ್ನ್‌ವರೆಗೆ ಕಾಯಬೇಕಿತ್ತು. ನಿಧಾನವಾಗಿ ಟೇಲ್‌ವಿಂಡ್ ಹಾಕುವವನಿಗೂ ಪ್ರ್ಯಾಂಕ್‌ಸ್ಟರ್‌ನವನಿಗೂ ಒಂದು ಇಡೀ ಟರ್ನ್‌ನ ಅಂತರ.

ಟ್ರಿಕ್ ರೂಮ್ 5 ಟರ್ನ್, ಪ್ರಯಾರಿಟಿ -7. ಎಲ್ಲರೂ ಹೊಡೆದ ಮೇಲೆ ಕೊನೆಗೆ ಬೀಳುವುದರಿಂದ ಕೈಗೆ ಸಿಗುವುದು 4 ಟರ್ನ್. ತಿರುಗುವುದು ಸ್ಪೀಡ್ ಮಾತ್ರ, ಪ್ರಯಾರಿಟಿ ಅಲ್ಲ. ನಿಧಾನಿಗಳ ತಂಡದ ಮೇಲೂ ಪ್ರಯಾರಿಟಿ ಮೂವ್ ಆದ ಎಕ್ಸ್‌ಟ್ರೀಮ್ ಸ್ಪೀಡ್ ಮೊದಲೇ ಬೀಳುತ್ತದೆ. ಟ್ರಿಕ್ ರೂಮ್ ಇರುವಾಗಲೇ ಮತ್ತೊಮ್ಮೆ ಟ್ರಿಕ್ ರೂಮ್ ಹಾಕಿದರೆ ಅದು ರದ್ದು, ಎದುರಾಳಿಯೂ ಹಾಕಿ ರದ್ದು ಮಾಡಬಹುದು.

ಪ್ರೊಟೆಕ್ಟ್ ಆ ಟರ್ನ್‌ನ ಪೆಟ್ಟನ್ನು ತಡೆಯುತ್ತದೆ: ಮೊದಲ ಸಲ ಖಚಿತ, ಬೆನ್ನಿಗೇ ಎರಡನೇ ಸಲ 1/3. ಎದುರಾಳಿಯ ಟೇಲ್‌ವಿಂಡ್, ಟ್ರಿಕ್ ರೂಮ್ ಟರ್ನ್‌ಗಳನ್ನು ಕಳೆಯಲು ಒಂದು ಟರ್ನ್ ಒಬ್ಬ, ಮುಂದಿನ ಟರ್ನ್ ಇನ್ನೊಬ್ಬ ಪ್ರೊಟೆಕ್ಟ್ ಮಾಡಿ. ಇಬ್ಬರೂ ಒಟ್ಟಿಗೆ ಮಾಡಿದರೆ ಮುಂದಿನ ಟರ್ನ್‌ನಲ್ಲಿ ಇಬ್ಬರೂ ಬಯಲಲ್ಲಿ. ಫಾಲೋ ಮೀ ಒಬ್ಬನಿಗೆ ಗುರಿಯಿಟ್ಟ ಮೂವ್‌ಗಳನ್ನಷ್ಟೇ ಎಳೆದುಕೊಳ್ಳುತ್ತದೆ. ಅರ್ಥ್‌ಕ್ವೇಕ್, ರಾಕ್ ಸ್ಲೈಡ್‌ನಂಥವು ಇಬ್ಬರಿಗೂ ಬೀಳುತ್ತವೆ, ಅವಕ್ಕೆ ವೈಡ್ ಗಾರ್ಡ್ ಬೇಕು. ರೇಜ್ ಪೌಡರ್ ಕೂಡ ಅದೇ ಕೆಲಸ ಮಾಡುತ್ತದೆ, ಆದರೆ ಪೌಡರ್ ಆದ್ದರಿಂದ ಗ್ರಾಸ್ ಟೈಪ್ ಎದುರಾಳಿ ಅದನ್ನು ಲೆಕ್ಕಿಸುವುದಿಲ್ಲ. ಪಕ್ಕದವನಿಗೆ ಹೆಲ್ಪಿಂಗ್ ಹ್ಯಾಂಡ್ ಕೊಟ್ಟರೆ ಪೆಟ್ಟು 1.5 ಪಟ್ಟು. ಆ ಪೆಟ್ಟು ಎರಡೂ ಎದುರಾಳಿಗಳಿಗೆ ಬೀಳುವ ಜಾತಿಯದಾದರೆ ಇನ್ನೂ ಒಳ್ಳೆಯದು.

ರಿಫ್ಲೆಕ್ಟ್, ಲೈಟ್ ಸ್ಕ್ರೀನ್ ಸಿಂಗಲ್ಸ್‌ನಲ್ಲಿ ಪೆಟ್ಟನ್ನು ಅರ್ಧ ಮಾಡುತ್ತವೆ, ಡಬಲ್ಸ್‌ನಲ್ಲಿ 2/3ಕ್ಕೆ ಮಾತ್ರ ಇಳಿಸುತ್ತವೆ. 5 ಟರ್ನ್, ಲೈಟ್ ಕ್ಲೇ ಹಿಡಿದರೆ 8. ಕ್ರಿಟಿಕಲ್ ಹಿಟ್ ಇವನ್ನು ದಾಟಿ ಬೀಳುತ್ತದೆ, ಬ್ರಿಕ್ ಬ್ರೇಕ್ ಒಡೆದೇ ಹಾಕುತ್ತದೆ.

ತಡೆಗೋಡೆ:
ಇಷ್ಟೆಲ್ಲ ಹಾಕಲು ಎದುರಾಳಿ ಬಿಟ್ಟರೆ ತಾನೆ. ತಡೆಯುವ ದಾರಿಗಳು:

ಟಾಂಟ್ ಬಿದ್ದವನು 3 ಟರ್ನ್ ಸ್ಟೇಟಸ್ ಮೂವ್ ಆಯ್ದುಕೊಳ್ಳಲಾರ. ಮೆಂಟಲ್ ಹರ್ಬ್ ಒಂದು ಸಲ ಅದನ್ನು ತೆಗೆಯುತ್ತದೆ, ಆಬ್ಲಿವಿಯಸ್ ಎಬಿಲಿಟಿಗೆ ಅದು ಹತ್ತದು. ಟ್ರಿಕ್ ರೂಮ್ ಹಾಕುವವನ ಕೈಲಿ ಮೆಂಟಲ್ ಹರ್ಬ್ ಕೊಡುವುದು ಈ ಕಾರಣಕ್ಕೆ. ಮ್ಯಾಜಿಕ್ ಬೌನ್ಸ್ ಇರುವ ಎಸ್ಪಿಯಾನ್, ಹ್ಯಾಟರೀನ್ ಮುಂದೆ ಟಾಕ್ಸಿಕ್, ಟಾಂಟ್, ಲೀಚ್ ಸೀಡ್ ಹಾಕಿದರೆ ನಿಮಗೇ ವಾಪಸ್. ಸ್ಟೆಲ್ತ್ ರಾಕ್ ಹಾಕಿದರೆ ಕಲ್ಲು ನಿಮ್ಮ ಕಡೆಗೇ ಬೀಳುತ್ತದೆ. ಎದುರಾಳಿ ತಂಡದಲ್ಲಿ ಹ್ಯಾಟರೀನ್ ಕಂಡರೆ ಅವಳು ಬರಲಾರದ ಟರ್ನ್ ಯಾವುದು ಅಂತ ಆಟದ ಮೊದಲೇ ಯೋಚಿಸಿ. ಸಾಮಾನ್ಯವಾಗಿ ಅದು ಅವಳನ್ನು ಒಂದೇ ಏಟಿಗೆ ಬೀಳಿಸುವ ನಿಮ್ಮ ಪೋಕೆಮಾನ್ ಎದುರಿಗಿರುವ ಟರ್ನ್.

ಪ್ರ್ಯಾಂಕ್‌ಸ್ಟರ್ ಸ್ಟೇಟಸ್ ಮೂವ್‌ಗೆ ಪ್ರಯಾರಿಟಿ +1 ಕೊಡುತ್ತದೆ. ಜೆನ್ 7ರಿಂದ ಎದುರಾಳಿ ಡಾರ್ಕ್ ಟೈಪ್ ಆಗಿದ್ದರೆ ಅಂಥ ಮೂವ್ ತಾಗದು. ಫರಿಗಿರಾಫ್‌ನ ಆರ್ಮರ್ ಟೇಲ್ ತನ್ನ ಪಕ್ಕದವನನ್ನೂ ಸೇರಿಸಿ ಎದುರಾಳಿಯ ಪ್ರಯಾರಿಟಿ ಮೂವ್‌ಗಳನ್ನು ತಡೆಯುತ್ತದೆ. ಹಾಗಾಗಿ ಪ್ರ್ಯಾಂಕ್‌ಸ್ಟರ್ ಟಾಂಟ್‌ನಿಂದ ಫರಿಗಿರಾಫ್‌ನ ಟ್ರಿಕ್ ರೂಮ್ ನಿಲ್ಲಿಸಲು ಹೊರಟವರಿಗೆ ದಾರಿ ಮುಚ್ಚಿದೆ. ಸಾದಾ ಟಾಂಟ್ ಆದರೆ ತಾಗುತ್ತದೆ.

ಅಸಾಲ್ಟ್ ವೆಸ್ಟ್ ಹಿಡಿದ ಪೋಕೆಮಾನ್‌ಗೆ ಸ್ಟೇಟಸ್ ಮೂವ್ ಕಲಿಸಬೇಡಿ, ಆಯ್ದುಕೊಳ್ಳಲು ಬಿಡುವುದಿಲ್ಲ.

ಬೀಜಬಿತ್ತನೆ:
ಸಬ್‌ಸ್ಟಿಟ್ಯೂಟ್ ಬಗ್ಗೆ ಯಾರೂ ಬರೆದಿಲ್ಲ. ಗರಿಷ್ಠ ಎಚ್‌ಪಿಯ 1/4 ಕೊಟ್ಟು ಒಂದು ಗೊಂಬೆ. ಅದು ನಿಂತಿರುವಷ್ಟು ಹೊತ್ತು ಹೆಚ್ಚಿನ ಸ್ಟೇಟಸ್ ಮೂವ್‌ಗಳು ಒಳಗೆ ಬರವು. ಸದ್ದಿನ ಮೂವ್‌ಗಳು ಮತ್ತು ಇನ್‌ಫಿಲ್ಟ್ರೇಟರ್ ಎಬಿಲಿಟಿ ಜೆನ್ 6ರಿಂದ ಅದನ್ನು ದಾಟುತ್ತವೆ.

ಎಚ್‌ಪಿ ಸಂಖ್ಯೆಯನ್ನು ಆರಿಸಿಕೊಳ್ಳುವುದೇ ಇಲ್ಲಿಯ ಕಸುಬು. ಗೊಂಬೆ ಮಾಡಲು ಕಾಲು ಭಾಗಕ್ಕಿಂತ ಹೆಚ್ಚು ಎಚ್‌ಪಿ ಉಳಿದಿರಬೇಕು. ಎಚ್‌ಪಿ 404 ಇದ್ದರೆ ಗೊಂಬೆಗೆ 101. ಮೂರು ಗೊಂಬೆ ಆದ ಮೇಲೆ 101 ಉಳಿಯುತ್ತದೆ, ನಾಲ್ಕನೆಯದು ಆಗದು. 401 ಇದ್ದರೆ ಗೊಂಬೆಗೆ 100, ನಾಲ್ಕು ಗೊಂಬೆ ಮಾಡಿ 1 ಉಳಿಯುತ್ತದೆ. ಹಾಗಾದರೆ 401 ಮೇಲು ಅನ್ನಿಸಬಹುದು. ಆದರೆ ಲೆವೆಲ್ 100ರಲ್ಲಿ ಸೀಸ್ಮಿಕ್ ಟಾಸ್, ನೈಟ್ ಶೇಡ್ ಸರಿಯಾಗಿ 100 ಎಚ್‌ಪಿ ಇಳಿಸುತ್ತವೆ. 101ರ ಗೊಂಬೆ ಅದನ್ನು ತಡೆದು ನಿಲ್ಲುತ್ತದೆ, 100ರದು ಒಡೆಯುತ್ತದೆ. ಆ ಎರಡು ಮೂವ್ ಎದುರಾಗುವ ಕಡೆ ಆಡುವವರು 404 ಮುಟ್ಟಿಸಿ.

ಬೆಲ್ಲಿ ಡ್ರಮ್‌ಗೂ ಹೀಗೇ. ಅರ್ಧ ಎಚ್‌ಪಿ ಕೊಟ್ಟರೆ ಅಟ್ಯಾಕ್ +6, ಅಂದರೆ 4 ಪಟ್ಟು. ಅಝುಮರಿಲ್‌ಗೆ ಸಿಟ್ರಸ್ ಬೆರ್ರಿ ಕೊಟ್ಟು ಇದನ್ನು ಆಡಿಸುತ್ತಾರೆ: ಎಚ್‌ಪಿ ಅರ್ಧಕ್ಕೆ ಬಂದಾಗ ಬೆರ್ರಿ ಕಾಲು ಭಾಗ ತುಂಬುತ್ತದೆ. ಎಚ್‌ಪಿ ಬೆಸ ಸಂಖ್ಯೆ ಆದರೆ ಎಡವಟ್ಟು. 301ರಲ್ಲಿ 150 ಕಳೆದರೆ 151 ಉಳಿಯುತ್ತದೆ, ಅದು ಅರ್ಧಕ್ಕಿಂತ ಹೆಚ್ಚು, ಬೆರ್ರಿ ತಿನ್ನುವುದಿಲ್ಲ. ಸಮಸಂಖ್ಯೆ ಬರುವಂತೆ ಇವಿ (ತರಬೇತಿಯ ಅಂಕ) ಹಂಚಿ.

ಲೀಚ್ ಸೀಡ್ ಜೊತೆ ಸಬ್‌ಸ್ಟಿಟ್ಯೂಟ್, ಪ್ರೊಟೆಕ್ಟ್: ಬೀಜ ಪ್ರತಿ ಟರ್ನ್ ಎದುರಾಳಿಯ 1/8 ಎಳೆದು ನಿಮಗೆ ಕೊಡುತ್ತದೆ, ಲೆಫ್ಟೋವರ್ಸ್ 1/16. ಇಬ್ಬರ ಎಚ್‌ಪಿ ಹತ್ತಿರ ಹತ್ತಿರ ಇದ್ದರೆ ಎರಡು ಟರ್ನ್‌ಗೆ 6/16 ಬರುತ್ತದೆ, ಒಂದು ಗೊಂಬೆಗೆ ಖರ್ಚು 4/16. ಒಂದು ಟರ್ನ್ ಗೊಂಬೆ, ಒಂದು ಟರ್ನ್ ಪ್ರೊಟೆಕ್ಟ್ ಅಂತ ಆಡಿದರೆ ಎಚ್‌ಪಿ ಏರುತ್ತಲೇ ಹೋಗುತ್ತದೆ. ಎದುರಾಳಿಯ ಎಚ್‌ಪಿ ನಿಮ್ಮ ಅರ್ಧದಷ್ಟೇ ಇದ್ದರೆ ಬರುವುದು 4/16 ಮಾತ್ರ, ಎಷ್ಟು ಬಂತೋ ಅಷ್ಟೇ ಖರ್ಚು. ಬೀಜದ ಅಕ್ಯುರಸಿ 90, ಗ್ರಾಸ್ ಟೈಪ್‌ಗೆ ಹತ್ತದು, ಸ್ವಿಚ್ ಮಾಡಿದರೆ ಉದುರುತ್ತದೆ. ಲಿಕ್ವಿಡ್ ಊಝ್ ಇರುವ ಟೆಂಟಕ್ರೂಯೆಲ್‌ಗೆ ಬಿತ್ತಿದರೆ ನಿಮ್ಮ ಎಚ್‌ಪಿಯೇ ಇಳಿಯುತ್ತದೆ.

ಹಸಿರುಪೊದೆ:
ಹಿಡಿಯುವಾಗಿನ ಉಪಯೋಗವನ್ನೂ ಬರೆದುಬಿಡುತ್ತೇನೆ. ನಿದ್ದೆ ಅಥವಾ ಫ್ರೀಝ್ ಇದ್ದರೆ ಹಿಡಿಯುವ ಗುಣಕ 2.5, ಪ್ಯಾರಾಲಿಸಿಸ್, ಬರ್ನ್, ವಿಷಕ್ಕೆ 1.5. ಜೆನ್ 3, 4ರಲ್ಲಿ ನಿದ್ದೆಗೆ 2 ಇತ್ತು. ವಿಷ, ಬರ್ನ್ ಬೇಡ, ಪ್ರತಿ ಟರ್ನ್ ಎಚ್‌ಪಿ ತಿಂದು ಕೊನೆಗೆ ಕೊಂದುಹಾಕುತ್ತವೆ. ನಿದ್ದೆ ಒಳ್ಳೆಯದು, ಆದರೆ ಎಚ್ಚರವಾಗುತ್ತದೆ. ತುಂಬಾ ಬಾಲ್ ಬೇಕಾಗುವ ಲೆಜೆಂಡರಿಗಳಿಗೆ ಮೊದಲು ಫಾಲ್ಸ್ ಸ್ವೈಪ್‌ನಿಂದ 1 ಎಚ್‌ಪಿಗೆ ಇಳಿಸಿ, ಆಮೇಲೆ ಸ್ಪೋರ್, ಎದ್ದಾಗಲೆಲ್ಲ ಮತ್ತೆ ಸ್ಪೋರ್. ಬ್ರೆಲೂಮ್ ಎರಡನ್ನೂ ಕಲಿಯುತ್ತದೆ. ಘೋಸ್ಟ್ ಟೈಪ್‌ಗೆ ಫಾಲ್ಸ್ ಸ್ವೈಪ್ ತಾಗದು. ಮೊದಲು ಸೋಕ್ ಹಾಕಿ, ಅದು ಎದುರಾಳಿಯನ್ನು ಬರೀ ವಾಟರ್ ಟೈಪ್ ಮಾಡುತ್ತದೆ, ಆಮೇಲೆ ತಾಗುತ್ತದೆ.

ಅರ್ಧಚಂದ್ರ:
ಬೇರೆ ಆಟಗಳ ಬಗ್ಗೆ ಒಂದೆರಡು ಸಾಲು ಸೇರಿಸಬಹುದೇ? 2003ರ ಶಿನ್ ಮೆಗಾಮಿ ಟೆನ್ಸೆ 3ರಲ್ಲಿ ಇದೇ ಟರ್ನ್ ಲೆಕ್ಕ ಇನ್ನೂ ತೀಕ್ಷ್ಣ. ಅಲ್ಲಿನ ಪ್ರೆಸ್ ಟರ್ನ್ ಪದ್ಧತಿಯಲ್ಲಿ ಗುರಿ ತಪ್ಪಿದರೆ ಎರಡು ಟರ್ನ್ ಗುರುತು ಹೋಗುತ್ತವೆ. ಸುಕುಕಾಜಾ ನಿಮ್ಮವರ ಗುರಿಯನ್ನೂ ತಪ್ಪಿಸಿಕೊಳ್ಳುವ ಶಕ್ತಿಯನ್ನೂ ಏರಿಸುತ್ತದೆ. ಹಾಗಾಗಿ ಶತ್ರು ಒಮ್ಮೆ ತಪ್ಪಿದರೆ ನೀವು ಪೆಟ್ಟನ್ನೂ ಉಳಿಸಿಕೊಂಡಿರಿ, ಅವನ ಇನ್ನೊಂದು ಟರ್ನನ್ನೂ ಕಿತ್ತುಕೊಂಡಿರಿ. ಪೋಕೆಮಾನ್‌ನಲ್ಲಿ ಇವೇಷನ್ ಏರಿಸುವುದನ್ನು ಅಭಿಮಾನಿಗಳ ನಿಯಮಗಳು ಹೆಚ್ಚಾಗಿ ನಿಷೇಧಿಸುತ್ತವೆ, ಇಲ್ಲಿ ಅದೇ ಆಟದ ಬೆನ್ನೆಲುಬು. ಟೆಮ್‌ಟೆಮ್‌ನಲ್ಲಿ ಗುರಿ ತಪ್ಪುವುದೇ ಇಲ್ಲ, ಪ್ರತಿ ಮೂವ್‌ಗೂ ಸ್ಟ್ಯಾಮಿನಾ ತೆರಬೇಕು. ಅಲ್ಲಿ ಸ್ಟೇಟಸ್ ಮೂವ್‌ನ ಬೆಲೆ ಟರ್ನ್ ಜೊತೆಗೆ ಸ್ಟ್ಯಾಮಿನಾದಲ್ಲೂ ಇದೆ.

ಪುಟ್ಟಬೆಂಕಿ:
ಇಷ್ಟು ಓದಿ ಒಂದು ಸೆಟ್ ಮಾಡಿದೆ, ನೋಡಿ ಹೇಳಿ. ಡ್ರ್ಯಾಗೊನೈಟ್, ಮಲ್ಟಿಸ್ಕೇಲ್, ಹೆವಿ-ಡ್ಯೂಟಿ ಬೂಟ್ಸ್. ಡ್ರ್ಯಾಗನ್ ಡ್ಯಾನ್ಸ್, ರೂಸ್ಟ್, ಅರ್ಥ್‌ಕ್ವೇಕ್, ಎಕ್ಸ್‌ಟ್ರೀಮ್ ಸ್ಪೀಡ್. ಸಿಂಗಲ್ಸ್, ಲೆವೆಲ್ 100. ನೇಚರ್ ಅಡಮಂಟ್ (ಅಟ್ಯಾಕ್ ಏರಿಸುವುದು) ಇಡಲಾ, ಜಾಲಿ (ಸ್ಪೀಡ್ ಏರಿಸುವುದು) ಇಡಲಾ?

ಸರದಿಲೆಕ್ಕ:
ಬೂಟ್ಸ್ ಸರಿಯಾದ ಆಯ್ಕೆ. ಮಲ್ಟಿಸ್ಕೇಲ್ ಎಚ್‌ಪಿ ತುಂಬಿರುವಾಗ ಮಾತ್ರ ಪೆಟ್ಟನ್ನು ಅರ್ಧ ಮಾಡುತ್ತದೆ, ಬರುವಾಗ ಕಲ್ಲು ತಾಗಿದರೆ ಅದು ಸತ್ತಂತೆ.

ನೇಚರ್ ಯಾರನ್ನು ದಾಟಬೇಕು ಅನ್ನುವುದರ ಮೇಲೆ ನಿಂತಿದೆ. ಸ್ಪೀಡ್‌ಗೆ ಪೂರ್ತಿ ಇವಿ ಕೊಟ್ಟರೆ ಅಡಮಂಟ್‌ನಲ್ಲಿ 259, ಜಾಲಿಯಲ್ಲಿ 284. ಡ್ರ್ಯಾಗನ್ ಡ್ಯಾನ್ಸ್ ಸ್ಪೀಡನ್ನೂ ಒಂದು ಹಂತ ಏರಿಸುವುದರಿಂದ ಒಂದು ಸಲ ಆದ ಮೇಲೆ 388 ಮತ್ತು 426. ಡ್ರ್ಯಾಗಪಲ್ಟ್ ಗರಿಷ್ಠ ವೇಗದಲ್ಲಿ 421. ಜಾಲಿ ಐದು ಅಂಕದಲ್ಲಿ ದಾಟುತ್ತದೆ, ಅಡಮಂಟ್ ದಾಟುವುದಿಲ್ಲ. ಸ್ಪೀಡ್‌ನ ನೇಚರ್ ಇಲ್ಲದ ಡ್ರ್ಯಾಗಪಲ್ಟ್ 383, ಅದನ್ನು ಅಡಮಂಟ್ ಕೂಡ ದಾಟುತ್ತದೆ. ಎಕ್ಸ್‌ಟ್ರೀಮ್ ಸ್ಪೀಡ್ ಇರುವುದರಿಂದ ವೇಗ ಬೇಡ ಅನ್ನಿಸಬಹುದು, ಆದರೆ ಅದು ನಾರ್ಮಲ್ ಟೈಪ್, ಘೋಸ್ಟ್ ಆದ ಡ್ರ್ಯಾಗಪಲ್ಟ್‌ಗೆ ತಾಗುವುದೇ ಇಲ್ಲ. ನನ್ನ ಮತ ಜಾಲಿಗೆ.

ತಡೆಗೋಡೆ:
ಜಾಲಿ ಸರಿ. ಡ್ಯಾನ್ಸ್ ಯಾವಾಗ ಹಾಕುವುದು ಎಂಬುದನ್ನೂ ನೋಡಿ. ಎದುರಾಳಿಯಲ್ಲಿ ಅನ್‌ಅವೇರ್ ಇರುವ ಡೊಂಡೋಝೋ ಅಥವಾ ಸ್ಕೆಲಿಡರ್ಜ್ ಉಳಿದಿರುವಾಗ ಏರಿಸಿಕೊಂಡರೆ ಆ ಅಟ್ಯಾಕ್ ಹಂತಗಳು ಅವರಿಗೆ ಲೆಕ್ಕಕ್ಕಿಲ್ಲ. ಸ್ಕೆಲಿಡರ್ಜ್ ಮೇಲಿಂದ ವಿಲ್-ಓ-ವಿಸ್ಪ್ ಕೂಡ ಹಾಕುತ್ತದೆ. ಮೊದಲು ಅವರನ್ನು ತಂಡದ ಬೇರೆಯವರಿಂದ ಕೆಳಗಿಳಿಸಿ. ಎನ್ಕೋರ್ ಇರುವವನು ಹಿಂದೆ ಕಾಯುತ್ತಿದ್ದರೆ ಬೆನ್ನಿಗೆ ಬೆನ್ನು ಎರಡು ಡ್ಯಾನ್ಸ್ ಮಾಡಬೇಡಿ: ಡ್ಯಾನ್ಸ್ ಮೇಲೆ ಎನ್ಕೋರ್ ಬಿದ್ದರೆ 3 ಟರ್ನ್ ಡ್ಯಾನ್ಸ್ ಮಾತ್ರ, ಸ್ವಿಚ್ ಮಾಡಿದರೆ ಏರಿಸಿದ್ದೆಲ್ಲ ಹೋಯ್ತು. ಒಂದು ಡ್ಯಾನ್ಸ್, ಮುಂದಿನ ಟರ್ನ್ ಅರ್ಥ್‌ಕ್ವೇಕ್. ರೂಸ್ಟ್‌ನ ಪಿಪಿ (ಎಷ್ಟು ಸಲ ಬಳಸಬಹುದು ಎಂಬ ಎಣಿಕೆ) ಜೆನ್ 9ರಲ್ಲಿ 10ರಿಂದ 5ಕ್ಕೆ ಇಳಿದಿದೆ, ಪಿಪಿ ಅಪ್ ಎಲ್ಲ ಕೊಟ್ಟರೂ 8. ಗೋಡೆಯಂಥ ಎದುರಾಳಿಯ ಮುಂದೆ ಕೂತು ರೂಸ್ಟ್ ಮಾಡುತ್ತಾ ಅದನ್ನು ಮುಗಿಸಿಕೊಳ್ಳಬೇಡಿ, ಮಲ್ಟಿಸ್ಕೇಲ್ ಮರಳಿ ತರಿಸಲು ಎರಡಾದರೂ ಉಳಿಸಿಕೊಳ್ಳಿ.